ವಿದ್ಯಾವತಿಯ ಕಿಂಡಿ

"ಮಗಳು ಮುಂಬೈನಾಗ ಏನ್ ಮಾಡಾಕತ್ತಾಳ?" ಎಂದು ನೆರೆಮನೆಯ ಸಾಬವ್ವ ಕೇಳಿದಾಗ, ಸುಭದ್ರಾಬಾಯಿ ಸುಮ್ಮನಿರದೆ "ಕಿಂಡಿ ಕೊರಿಯಾಕತ್ತಾಳ್ರಿ, ಕಣ್ಣಿಗಿ ಕಾಣಲಾರದ್ದು" ಎಂದು ಹೆಮ್ಮೆಯಿಂದ ಹೇಳಿದ್ದೇ ತೊಂದರೆಗೆ ಮೂಲ.

ವಿದ್ಯಾವತಿ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಒಂದೇ ದಿನಕ್ಕೆಂದು ತವರೂರು ನಿಂಬರ್ಗಾಕ್ಕೆ ಬಂದಿದ್ದಳು. ಬ್ಯಾಗಿನಲ್ಲಿ ಕುಂಕುಮದ ಭರಣಿಯಷ್ಟು ಡಬ್ಬಿ, ಅದರಲ್ಲೊಂದು ಚಿಪ್. ಚಿಪ್ಪಿನ ನಡುವೆ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಪಿಂಗಾಣಿ ಪೊರೆ. ಆ ಪೊರೆಯಲ್ಲಿ ಎಲೆಕ್ಟ್ರಾನ್ ಕಿರಣದಿಂದ ಆಕೆ ಕೊರೆದ ಒಂದೇ ರಂಧ್ರ, ಡಿಎನ್‌ಎ ಎಳೆಯೊಂದು ನುಸುಳುವಷ್ಟು. ಕಿರಣ ಜೋರಾದರೆ ರಂಧ್ರ ಅಗಲವಾಗುತ್ತಿತ್ತು. ಮೆತ್ತಗಾದರೆ ಮುನಿಸಿಕೊಂಡ ಸೊಸೆಯ ಬಾಯಿಯಂತೆ ಮುಚ್ಚಿಕೊಳ್ಳುತ್ತಿತ್ತು. ಆರು ತಿಂಗಳಲ್ಲಿ ಸರಿಯಾಗಿ ಬಂದದ್ದು ಇದೊಂದೇ. ನಾಳೆ ಹೈದರಾಬಾದಿನಲ್ಲಿ ಅದರ ಪರೀಕ್ಷೆ.

ಸುದ್ದಿ ಹರಡಿ, ಬೆಳಿಗ್ಗೆ ಒಂಬತ್ತಕ್ಕೆಲ್ಲ ಪಡಸಾಲೆ ತುಂಬಿತು. ಮೂರು ವಿಭೂತಿ ಗೆರೆ ಹೊತ್ತ ಫ್ರಿಜ್ಜಿಗೆ ಒರಗಿ ಕೂತ ಸಾಬವ್ವ, "ಎಲ್ಲೈತಿ ಬೇ ಕಿಂಡಿ? ತಗೀ ಹೊರಗ" ಎಂದಳು.

ವಿದ್ಯಾವತಿ ಈ ಜನರನ್ನು ಬಲ್ಲವಳು. ಅಸಲಿ ಡಬ್ಬಿಯನ್ನು ಯಾರ ಕೈಯೂ ಹೋಗದ ದೇವರ ಜಗಲಿಯ ಮೇಲಿಟ್ಟು, ಬ್ಯಾಗಿನಲ್ಲಿದ್ದ ಇನ್ನೊಂದು, ಪೊರೆಯಷ್ಟೇ ಇದ್ದು ರಂಧ್ರವಿಲ್ಲದ ಚಿಪ್ಪನ್ನು ತಂದು ತೋರಿಸಿದಳು.

"ಕಾಕು, ಕಣ್ಣಿಗಿ ಕಾಣಂಗಿಲ್ರಿ."

ನಿವೃತ್ತ ಮಾಸ್ತರ ಜಗದೇವಪ್ಪ ಅದನ್ನು ಬಿಸಿಲಿಗೆ ಹಿಡಿದರು. "ಯಾಕ ಕಾಣಂಗಿಲ್ಲ? ನನಗ ಸಾಫ್ ಕಾಣಾಕತ್ತದ. ಗುಂಡಗದ!"

"ನಿಮಗ ನಿಮ್ಮ ಚಸ್ಮಾನೇ ಸಿಗಂಗಿಲ್ಲ, ಮಾಸ್ತರ. ಕೊಡ್ರಿಲ್ಲಿ. ಧೂಳ ಕುಂತದ, ಅದಕ್ಕ ಕಾಣವಲ್ದು."

ಸಾಬವ್ವ ಉಫ್ ಎಂದು ಊದಿ, ಸೆರಗಿನಿಂದ ತಿಕ್ಕಿದಳು. ಪೊರೆ ಎದ್ದುಹೋಯಿತು. ಅದಿದ್ದಲ್ಲಿ ಸಾಸಿವೆಯಷ್ಟು ಬೆಳಕು ಇಣುಕಿತು.

"ಬಂತು ನೋಡ್ರಿ! ಆರು ತಿಂಗಳ ಕೆಲಸ, ನಾ ಒಂದ ಸೆರಗಿನಾಗ ಮಾಡ್ದೆ!"

ಎಲ್ಲರೂ ಖುಷಿಯಿಂದ ಚಹಾ ಕುಡಿದು ಎದ್ದರು. ಊರನ್ನೇ ಗೆದ್ದ ಸಮಾಧಾನದಲ್ಲಿ ವಿದ್ಯಾವತಿ ಮಧ್ಯಾಹ್ನವಿಡೀ ನಿದ್ದೆ ಹೊಡೆದಳು.

ಸಂಜೆ ಹೊರಡುವಾಗ ತಾಯಿ ದೇವರ ಜಗಲಿಯಿಂದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಎಲ್ಲಾರ ದೃಷ್ಟಿ ಬಿತ್ತವ್ವಾ. ನನ್ನ ಜೀವ ತಡೀಲಿಲ್ಲ."

ಡಬ್ಬಿ ತೆರೆದರೆ ಚಿಪ್ಪಿನ ಮೇಲೆ ಮೂರು ಗೆರೆ ವಿಭೂತಿ, ಬೆರಳ ತುದಿಯಿಂದ ನಾಜೂಕಾಗಿ ಎಳೆದದ್ದು.

ವಿದ್ಯಾವತಿ ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿದಳು: ಬೂದಿ ಮೆತ್ತಿದ ಪೊರೆ ಇನ್ನು ಪರೀಕ್ಷೆಗೆ ಬರುವಂತಿರಲಿಲ್ಲ. ಊರವರ ಕೈಗೆಲ್ಲ ಹೆದರಿದ್ದಳು. ಪ್ರತಿ ಪರೀಕ್ಷೆಯ ದಿನ ತನ್ನ ಹಣೆಗೆ ವಿಭೂತಿ ಸವರಿ ಕಳಿಸಿದ ಕೈಯನ್ನು ಮಾತ್ರ ಮರೆತಿದ್ದಳು. ಬೈಯಬೇಕೆಂದು ತಲೆ ಎತ್ತಿದರೆ ತಾಯಿಯ ಮುಖದ ತುಂಬ ಬೆಳಕು. ನಗು ಬಂದುಬಿಟ್ಟಿತು. ಹೈದರಾಬಾದಿಗೆ ಫೋನು ಮಾಡುವ ಮುಂಚೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಹೇಗೂ ಇನ್ನೊಂದು ಕಿಂಡಿಗೆ ಮತ್ತೆ ಆರು ತಿಂಗಳು ಬೇಕಿತ್ತು.

"ಯಾಕವ್ವಾ, ಮಾರಿ ಸಣ್ಣದಾತು?" ತಾಯಿ ತಲೆ ಸವರಿದಳು. "ಕಾಳಜಿ ಮಾಡಬ್ಯಾಡ. ಕಿಂಡಿ ಬಿಟ್ಟೇ ಹಚ್ಚೀನಿ."