ಕೊಡೆ ಅಜ್ಜ ಮತ್ತು ನಮ್ಮ ಹೊಟ್ಟೆಯ ಹುಣ್ಣು

ನಾನು ಇಂಗ್ಲಿಷ್ ಕಲಿತದ್ದು ಕುಂದಾಪುರದ ಶಾಲೆಯಲ್ಲಾದರೂ ಇಂಗ್ಲಿಷಿನಲ್ಲಿ ನಗಲು ಕಲಿತದ್ದು ಲಂಡನ್ನಿನ ಹೌನ್ಸ್ಲೋದ ನಮ್ಮ ಫ್ಲಾಟಿನಲ್ಲಿ. ಗುರುಗಳು, ಟೀವಿಯ ಒಬ್ಬ ಹಿರಿಯ ಹಾಸ್ಯನಟರು. ಸದಾ ಕೊಡೆ ಹಿಡಿದೇ ತೆರೆಗೆ ಬರುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅವರು ಕೊಡೆ ಅಜ್ಜ. ಅವರು ಬಾಯಿ ತೆರೆದರೆ ದೇಶವೇ ನಗುತ್ತಿತ್ತು. ಅವರ ಮುಖ ಮಾತ್ರ ಹಲ್ಲುನೋವು ಬಂದವರ ಹಾಗೆ! ಈ ಮನುಷ್ಯ ಯಾವತ್ತಾದರೂ ನಗುತ್ತಾರೋ ಇಲ್ಲವೋ ಎಂಬ ಕುತೂಹಲ ನನ್ನನ್ನು ವರ್ಷಗಳಿಂದ ಕೊರೆಯುತ್ತಿತ್ತು.

ಒಲಿಂಪಿಕ್ಸ್ ಮುಗಿದ ಮರುವರ್ಷ ಅವರು ನಮ್ಮ ಬೀದಿಯ ಲೈಬ್ರರಿಗೆ ಬರುತ್ತಾರೆಂದಾಯಿತು. ಶನಿವಾರ ಅಲ್ಲಿ ಪುಸ್ತಕ ಜೋಡಿಸುವ ಸ್ವಯಂಸೇವಕನಾದ ನನಗೆ ಎರಡು ನಿಮಿಷದ ಸ್ವಾಗತ ಭಾಷಣ!

"ಅವರನ್ನು ನಗಿಸಿಯೇ ಬರ್ತೇನೆ, ನೋಡು," ಎಂದೆ ಹೆಂಡತಿ ಸುಮತಿಗೆ.

"ಎಂತ ಮಾರಾಯ್ರೆ! ನಿಮ್ಮ ಜೋಕಿಗೆ ನಾನೇ ನಗುದಿಲ್ಲ. ನೀವು ನಗಿಸಿದ್ರೆ ಒಂದು ತಿಂಗಳು ಬಂಗುಡೆ ಮೀನು ಕ್ಲೀನ್ ಮಾಡುದು ನಾನು. ಇಲ್ಲದಿದ್ರೆ ನೀವು."

ಬರಿಗೈಯಲ್ಲಿ ಸ್ವಾಗತಿಸುವುದುಂಟೇ? ಆ ದಿನ ವೇದಿಕೆಯಲ್ಲಿ ಅವರಿಗೆ ಶಾಲು ಹೊದಿಸಿದೆ, ಕೈಗೆ ತೆಂಗಿನಕಾಯಿ ಕೊಟ್ಟೆ, ತಲೆಗೆ ಮೈಸೂರು ಪೇಟ ಇಟ್ಟೆ. ಪೇಟ ದೊಡ್ಡದಾಗಿ ಮೂಗಿನವರೆಗೂ ಇಳಿಯಿತು.

"ಕರೆಂಟ್ ಹೋಯಿತೇ?" ಎಂದರು ಒಳಗಿನಿಂದ ಕೊಡೆ ಅಜ್ಜ. ಸಭೆ ನಕ್ಕಿತು. ಅವರು ನಗಲಿಲ್ಲ.

ಇನ್ನು ಭಾಷಣ. ಕನ್ನಡದಲ್ಲಿ ಬರೆದು ಸ್ವತಃ ಇಂಗ್ಲಿಷಿಗೆ ತಂದಿದ್ದೆ. "ಇಪ್ಪತ್ತು ವರ್ಷ ನಮ್ಮ ಮನೆಮಂದಿಯನ್ನೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಮಹಾನುಭಾವರು" ಎಂಬುದೇ ಅದರ ಶಿಖರ. ಗಂಟಲು ಸರಿಮಾಡಿಕೊಂಡು ಘೋಷಿಸಿದೆ:

"ಸರ್, ಫಾರ್ ಟ್ವೆಂಟಿ ಇಯರ್ಸ್ ಯು ಹ್ಯಾವ್ ಗಿವನ್ ಸ್ಟಮಕ್ ಅಲ್ಸರ್ ಟು ಮೈ ಹೋಲ್ ಫ್ಯಾಮಿಲಿ!"

ಚಪ್ಪಾಳೆಗಾಗಿ ಕಾದೆ. ಲೈಬ್ರರಿಯ ಮೇಡಂ ಓಡಿಬಂದು ನನಗೆ ನೀರು ಕೊಟ್ಟರು. ಕೊಡೆ ಅಜ್ಜ ಪೇಟ ಮೇಲೆತ್ತಿ, "ಕ್ಷಮಿಸಿ, ನನಗೆ ಗೊತ್ತೇ ಇರಲಿಲ್ಲ. ಡಾಕ್ಟರಿಗೆ ತೋರಿಸಿದಿರಾ?" ಎಂದರು ಇಂಗ್ಲಿಷಿನಲ್ಲಿ, ಅದೇ ಹಲ್ಲುನೋವಿನ ಮುಖದಲ್ಲಿ.

"ನೋ ನೋ ಸರ್! ಗುಡ್ ಅಲ್ಸರ್! ವಿ ಎಂಜಾಯ್!"

ಸಭೆಯ ಮುಖ ಇನ್ನಷ್ಟು ಬಾಡಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಜ್ಜ ಮುಂದಿನ ಸಾಲಿನಲ್ಲಿದ್ದ ಸುಮತಿಯತ್ತ ತಿರುಗಿ, "ನಿಮಗೂ ಇದೆಯಾ, ಮೇಡಂ?" ಎಂದು ವಿಚಾರಿಸಿದರು.

ಹೊರಗೆ ಇಂಗ್ಲಿಷ್ ಮಾತಾಡಲು ನಾಚುವ ನನ್ನ ಹೆಂಡತಿ ಎದ್ದು ನಿಂತಳು.

"ನೋ ಸರ್. ಐ ಹ್ಯಾವ್ ಓನ್ಲಿ ಹಸ್ಬೆಂಡ್."

ಅಜ್ಜನ ಭುಜ ಅಲುಗಿತು. ಆಮೇಲೆ ಗಲ್ಲ. ಆಮೇಲೆ ಇಡೀ ಅಜ್ಜ! ಪೇಟ ಒಂದು ಕಡೆ, ತೆಂಗಿನಕಾಯಿ ಇನ್ನೊಂದು ಕಡೆ ಉರುಳಿತು. ಹೊಟ್ಟೆ ಹಿಡಿದುಕೊಂಡು, "ಅಯ್ಯೋ, ನನಗೂ ಬಂತು ಅಲ್ಸರ್!" ಎಂದು ಕುರ್ಚಿಗೆ ಕುಸಿದರು. ಕಣ್ಣಾರೆ ಕಂಡೆ, ನಗುತ್ತಾರೆ! ಬಲು ಚಂದ ನಗುತ್ತಾರೆ. ನನಗೆ ಅವಮಾನವೆಲ್ಲ ಮರೆತೇ ಹೋಯಿತು.

ಮನೆಗೆ ಹೋಗುವಾಗ ಎದೆಯುಬ್ಬಿಸಿ ಹೇಳಿದೆ, "ನಕ್ಕರಲ್ಲ! ನಾನು ಗೆದ್ದೆ."

"ನಗ್ಸಿದ್ದು ಯಾರು?" ಎಂದಳು ಸುಮತಿ.

ಪಂತ ಅವಳದಾಯಿತು. ತಿಂಗಳಿಡೀ ನಾನು ಅಡುಗೆಮನೆಯಲ್ಲಿ ಬಂಗುಡೆಯ ಹೊಟ್ಟೆ ಸೀಳುತ್ತಿದ್ದೆ, ಅವಳು ಟೀವಿ ಮುಂದೆ. ಒಂದು ದಿನ ಅವಳು ಬಿದ್ದು ಬಿದ್ದು ನಗುವುದು ಕೇಳಿ ಕುತೂಹಲ ತಡೆಯದೆ ಕೂಗಿದೆ, "ಕೊಡೆ ಅಜ್ಜ ಎಂತ ಹೇಳಿದ್ರು?"

"ಅಜ್ಜ ಇನ್ನೂ ಬರ್ಲಿಲ್ಲ ಮಾರಾಯ್ರೆ, ಈಗ ಬರೇ ಜಾಹೀರಾತು. ನಂಗೆ ನಿಮ್ಮ ಭಾಷಣ ನೆನಪಾಯ್ತು!"