ರಾರೊಟೊಂಗಾ ಫಾರಿನ್ನೇ?

ನ್ಯೂಜಿಲೆಂಡಿನಲ್ಲಿ ಹನ್ನೊಂದು ವರ್ಷ ಕಳೆದರೂ ಒಂದು ಸಲವೂ ಫಾರಿನ್ನಿಗೆ ಹೋಗಿಲ್ಲ ಎಂಬುದು ಪದ್ಮಾವತಿಯ ಕೊರಗು. ಮೈಸೂರಿನ ತಂಗಿ ಪ್ರಭಾ ಬಾಲಿಗೆ ಹೋಗಿ ಫೋಟೊ ಹಾಕಿದ ಮೇಲಂತೂ ಮನೆಯಲ್ಲಿ ನೆಮ್ಮದಿಯೇ ಹೋಯಿತು. ತಡೆಯಲಾರದೆ ಗಂಡ ಚಂದ್ರಹಾಸ ಕುಕ್ ದ್ವೀಪಗಳ ರಾರೊಟೊಂಗಾಕ್ಕೆ ಸೇಲಿನಲ್ಲಿ ಎರಡು ಟಿಕೆಟ್ ತೆಗೆದ. ಹೊರಡುವುದು ನಾಡಿದ್ದು. ಟಿಕೆಟ್ ವಾಪಸ್ ಮಾಡುವಂತಿಲ್ಲ.

“ಅಲ್ಲಿ ನಮ್ಮ ಡಾಲರೇ ನಡಿಯುತ್ತೆ ಕಣೇ. ಬಟ್ಟೆ ತುಂಬ್ಕೊಂಡು ಬಸ್ ಹತ್ತಿದ ಹಾಗೆ ಹತ್ತೋದು ಅಷ್ಟೆ,” ಎಂದ ಬೆಳಿಗ್ಗೆ.

ಪದ್ಮಾವತಿ ಆಗಲೇ ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟಿದ್ದಳು: ‘ನಾವೂ ಫಾರಿನ್ ಟೂರ್!’

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಧಾರವಾಡದ ಜಮೀಲಾ ಆಂಟಿ ಸುಮ್ಮನಿರಬೇಕಲ್ಲ!

“ಅಯ್ಯ, ಅದ್ಯಾವ ಫಾರಿನ್ ತಂಗಿ? ಅಲ್ಲಿ ಮಂದಿ ಕೈಯಾಗ ಇರೋದು ನ್ಯೂಜಿಲೆಂಡ್ ಪಾಸ್‌ಪೋರ್ಟ್, ರೊಕ್ಕಾನೂ ಇಲ್ಲಿದೇ. ಅದು ಫಾರಿನ್ ಆದ್ರ ನಾನೂ ದಿನಾ ಕಾಯಿಪಲ್ಲೆ ತರಾಕ ಇಲ್ಲೇ ಬಾಜೂಕಿನ ನ್ಯೂ ಲಿನ್‌ಗೆ ಫಾರಿನ್ ಹೋಗಿ ಬರ್ತೀನಿ ನೋಡು!”

ಪದ್ಮಾವತಿ ಗಂಡನತ್ತ ತಿರುಗಿದಳು. “ಪ್ರಭಾ ಮುಂದೆ ನನ್ನ ಮಾನ ತೆಗೀಬೇಕು ಅಂತಾನೇ ಮಾಡಿದ್ರೇನ್ರೀ? ಅದು ಬೇರೆ ದೇಶ ಅಂತ ಸಂಜೆಯೊಳಗೆ ಸಾಬೀತು ಮಾಡಿ. ಇಲ್ದಿದ್ರೆ ನಾನು ವಿಮಾನ ಹತ್ತಲ್ಲ.”

ಈ ಆಂಟಿಗೆ ಬಟ್ಟೆ ಒಗೆಯಲು ಇವತ್ತೇ ಆಗಬೇಕಿತ್ತೇ? ಹಲ್ಲು ಕಡಿಯುತ್ತ ಚಂದ್ರಹಾಸ ಈಸ್ಟ್ ತಮಾಕಿಯ ಗೋದಾಮಿಗೆ ಕೆಲಸಕ್ಕೆ ಹೋದ. ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ತೆಯಾರಿಕಿ ರಾರೊಟೊಂಗಾದವನೇ.

“ನಿಮ್ಮೂರು ಬೇರೆ ದೇಶವೋ, ನ್ಯೂಜಿಲೆಂಡಿನದೇ ಒಂದು ಜಿಲ್ಲೆಯೋ?” ಎಂದು ಕೇಳಿದ್ದೇ ತಪ್ಪಾಯಿತು.

ತೆಯಾರಿಕಿ ಎತ್ತಿದ ಪೆಟ್ಟಿಗೆಯನ್ನು ಮೇಲೇ ಬಿಟ್ಟು ಕೆಳಗಿಳಿದ. “ಇದನ್ನ ನಮ್ಮಮ್ಮನ ಹತ್ರ ಕೇಳು,” ಎಂದು ಫೋನ್ ಹಚ್ಚಿ ಕೈಗಿತ್ತ.

ಆಕೆ ಇಪ್ಪತ್ತು ನಿಮಿಷ ಉಸಿರು ತೆಗೆದುಕೊಳ್ಳದೆ ಜಾಡಿಸಿದರು. ನಮಗೆ ನಮ್ಮದೇ ಪ್ರಧಾನಿ, ನಮ್ಮದೇ ಸಂಸತ್ತು, ನಮ್ಮದೇ ಕಾನೂನು. ನ್ಯೂಜಿಲೆಂಡಿನ ಜೊತೆಗಿರುವುದು ನಾವು ಒಪ್ಪಿ ಇಟ್ಟುಕೊಂಡ ನಂಟು. ಆ ಕ್ಯಾಪ್ಟನ್ ಕುಕ್ ನಮ್ಮ ರಾರೊಟೊಂಗಾಕ್ಕೆ ಕಾಲೇ ಇಡಲಿಲ್ಲ, ಆದರೂ ಅವನ ಹೆಸರು ಹೊತ್ತುಕೊಂಡಿದ್ದೇವೆ. ಅದು ಸಾಲದು ಅಂತ ಈಗ ನೀನು ಬೇರೆ ಜಿಲ್ಲೆ ಅನ್ನುತ್ತೀಯಾ?

ಡಬ್ಬಿಯ ಚಿತ್ರಾನ್ನ ಹಾಗೇ ಉಳಿಯಿತು. ಪೆಟ್ಟಿಗೆ ಯಾಕೆ ಮೇಲೆ ನೇತಾಡುತ್ತಿದೆ ಎಂದು ಸೂಪರ್‌ವೈಸರ್ ಕೂಡ ಬಂದು ಉಗಿದ. ಆದರೂ ಚಂದ್ರಹಾಸನಿಗೆ ಹೋದ ಜೀವ ಬಂದಂತಾಯಿತು. “ಅಮ್ಮಾ, ದಯವಿಟ್ಟು ಇದನ್ನೇ ನನ್ನ ಹೆಂಡತಿಗೂ ಹೇಳಿ,” ಎಂದು ನಂಬರ್ ಕೊಟ್ಟ.

ಸಂಜೆ ಮನೆಗೆ ಬಂದರೆ ಪದ್ಮಾವತಿಯ ಮುಖ ಅರಳಿತ್ತು. ಜಮೀಲಾ ಆಂಟಿ ಕೂತು ಚಹಾ ಕುಡಿಯುತ್ತಿದ್ದರು.

“ಬೇರೇನೇ ದೇಶ ಕಣ್ರೀ! ಆ ಅಮ್ಮ ಎಷ್ಟು ಚೆನ್ನಾಗಿ ಬೈದ್ರು ಗೊತ್ತಾ!”

“ಹೌದು ತಮ್ಮಾ, ನಂದೇ ತಪ್ಪು. ಖರೇನ ಫಾರಿನ್ ಐತಿ,” ಎಂದರು ಆಂಟಿ.

“ಬ್ಯಾಗ್ ರೆಡಿ. ನನ್ನ ಪಾಸ್‌ಪೋರ್ಟ್ ಇಟ್ಕೊಂಡೆ. ನಿಮ್ದೆಲ್ಲಿ?”

“ಪಾಸ್‌ಪೋರ್ಟ್ ಯಾಕೆ?”

“ಬೇರೆ ದೇಶಕ್ಕೆ ಪಾಸ್‌ಪೋರ್ಟ್ ಇಲ್ದೆ ಬಿಡ್ತಾರೇನ್ರೀ?”

ಚಂದ್ರಹಾಸನ ಪಾಸ್‌ಪೋರ್ಟು ಹೋದ ವಾರವೇ ನವೀಕರಣಕ್ಕೆ ಹೋಗಿತ್ತು. ನಮ್ಮ ಡಾಲರ್ ನಡೆಯುವ ಊರಿಗೆ ಅದೆಲ್ಲ ಯಾಕೆಂದು ತಾನೇ ಕಳಿಸಿದ್ದ. ವಾಪಸ್ ಬರಲು ಇನ್ನೂ ಒಂದು ತಿಂಗಳು ಬೇಕು.

“ಪದ್ದೂ, ಆಂಟಿ ಬೆಳಿಗ್ಗೆ ಹೇಳಿದ್ದೇ ಸರಿ ಕಣೇ. ಅದು ನ್ಯೂಜಿಲೆಂಡೇ,” ಎಂದು ತೊದಲಿದ.

“ಸಾಕು ಸುಮ್ನಿರಿ!” ಎಂದ ಪದ್ಮಾವತಿ ಫೋನ್ ತೆಗೆದು ಗ್ರೂಪಿನ ಮೆಸೇಜನ್ನು ತಿದ್ದಿದಳು: ‘ನಾನೊಬ್ಬಳೇ ಫಾರಿನ್ ಟೂರ್!’

ಜಮೀಲಾ ಆಂಟಿಗೆ ಅಯ್ಯೋ ಅನಿಸಿತು.

“ಚಿಂತಿ ಮಾಡಬ್ಯಾಡೋ ತಮ್ಮಾ. ಆಕಿ ಬರೋತನಕ ದಿನಾ ನಿನ್ನ ನ್ಯೂ ಲಿನ್‌ಗೆ ಕರ್ಕೊಂಡು ಹೋಗ್ತೀನಿ. ಅಲ್ಲಿಗೆ ಪಾಸ್‌ಪೋರ್ಟ್ ಕೇಳಂಗಿಲ್ಲ.”