ಹಪ್ಪಳದ ಮೇಲಿನ ಥರ್ಡ್ ಶಿಫ್ಟ್

ವಿಷ್ಣುಮೂರ್ತಿ ರಾಯರಿಗೆ ಬರಲಿದ್ದ ಕೀರ್ತಿಗೆ ಅಡ್ಡ ಬಂದದ್ದು ಹಲಸಿನ ಹಪ್ಪಳ. ಮುಂಬಯಿ ಬಳಿಯ ಡೊಂಬಿವಲಿಯ ಅವರ ಹೌಸಿಂಗ್ ಸೊಸೈಟಿಯಲ್ಲಿ ಹಲಸಿನ ಮರವಿಲ್ಲ. ಆದರೂ ಅಲ್ಲಿಯ ಉಡುಪಿ ಕಡೆಯ ಹೆಂಗಸರು ಪ್ರತಿ ಮೇ ತಿಂಗಳು ಕಲ್ಯಾಣದ ಮಾರ್ಕೆಟ್ಟಿನಿಂದ ಹಲಸಿನಕಾಯಿ ಹೊರಿಸಿಕೊಂಡು ಬಂದು ಟೆರೇಸಿನ ತುಂಬ ಹಪ್ಪಳ ಹರಡುತ್ತಿದ್ದರು. ಈ ಸೈನ್ಯಕ್ಕೆ ಎರಡನೇ ಮಾಳಿಗೆಯ ಜಯಲತಕ್ಕ ದಂಡನಾಯಕಿ. ಅವರಿಗೆ ಸೊಸೈಟಿಯ ಸೆಕ್ರೆಟರಿಯೂ ಎದುರಾಡುತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ರಾಯರಿಗೆ ಘಣಸೋಲಿಯಿಂದ ಮನೀಶ್ ಎಂಬ ಹುಡುಗನ ಫೋನು ಬಂತು. ಮಂಗಳೂರು ಕಡೆಯವರ ಮಗ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಯಾರೂ ಕೇಳದ ಹಳೆಯ ಸಂಗೀತವನ್ನು ಹುಡುಕಿ ಸಿ.ಡಿ. ಮಾಡುವುದು ಅವನ ಹುಚ್ಚು. ವಿಠ್ಠಲವಾಡಿಯ ಗುಜರಿ ಅಂಗಡಿಯೊಂದರಲ್ಲಿ ಅವನಿಗೆ ‘ಥರ್ಡ್ ಶಿಫ್ಟ್’ ಎಂಬ ಕ್ಯಾಸೆಟ್ಟಿನ ಸವೆದ ನಕಲು ಸಿಕ್ಕಿತ್ತು. ಅದರ ಮೇಲಿದ್ದ ಹೆಸರು ಹಿಡಿದು ರಾಯರನ್ನು ಪತ್ತೆ ಮಾಡಿದ್ದ.

“ಅಂಕಲ್, ಓರಿಜಿನಲ್ ಹೀ ಚಾಹಿಯೆ. ಕಾಪಿ ನಹೀ ಚಲೇಗಾ. ಆಜ್ ಶಾಮ್ ತಕ್,” ಎಂದ. ಮೂಲ ಕ್ಯಾಸೆಟ್ಟೇ ಬೇಕು, ಸ್ಟುಡಿಯೋ ಸಿಕ್ಕಿರುವುದು ಇವತ್ತೊಂದು ಸಂಜೆಗೆ ಮಾತ್ರ, ತಪ್ಪಿದರೆ ಬೇರೆಯವರ ಕ್ಯಾಸೆಟ್ ಹಾಕುತ್ತಾನಂತೆ.

ತೊಂಬತ್ತರ ದಶಕದಲ್ಲಿ ರಾಯರು ಇಲ್ಲಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಮಷೀನಿನ ಮುಂದೆ ನಿಲ್ಲುತ್ತಿದ್ದರು. ಪಕ್ಕದ ಮಷೀನಿನಲ್ಲಿ ಗೆಳೆಯ ರಮಾಕಾಂತ. ಮಷೀನಿನ ದಡಾರ್ ದಡಾರ್ ತಾಳಕ್ಕೆ ಇಬ್ಬರೂ ಎಣ್ಣೆ ಡಬ್ಬ, ಸರಪಳಿ, ನಟ್ಟು ತಿರುಗಿಸುವ ಪಾನಾ ಬಡಿದು ರೆಕಾರ್ಡ್ ಮಾಡಿದ್ದೇ ಥರ್ಡ್ ಶಿಫ್ಟ್. ಹಾಡಿಲ್ಲ, ರಾಗವಿಲ್ಲ. ಕೇಳಿದ ನೆಂಟರು ಟೇಪ್ ರೆಕಾರ್ಡರ್ ಕೆಟ್ಟಿದೆಯೆಂದು ರಿಪೇರಿಯವನ ವಿಳಾಸ ಕೊಟ್ಟಿದ್ದರು.

ರಮಾಕಾಂತ ಈಗಿಲ್ಲ. ಕ್ಯಾಸೆಟ್ಟಿನ ಮೊದಲಿಗೆ ಅವನು “ಸುರು ಮಾಡುವನಾ?” ಎಂದು, ಅಂದರೆ ಶುರು ಮಾಡೋಣವೇ ಎಂದು, ಊರಿನ ಮಾತಲ್ಲಿ ಕೇಳಿ ನಗುವುದುಂಟು. ಮನೀಶನ ನಕಲಿನಲ್ಲಿ ಅದು ಅಳಿಸಿಹೋಗಿತ್ತಂತೆ. ಕೀರ್ತಿ ಬಂದರೆ ಬರಲಿ, ಆ ನಗುವನ್ನು ಇನ್ನೊಮ್ಮೆ ಕೇಳಿದರೆ ಸಾಕು ಎಂದು ರಾಯರ ಜೀವ ಒದ್ದಾಡಿತು.

ಮಂಚದಡಿ, ಅಟ್ಟ, ಹೊಲಿಗೆ ಮಷೀನಿನ ಡಬ್ಬ ಎಲ್ಲ ತಡಕಾಡಿ ರಾಯರು ಕೆಮ್ಮುತ್ತ ಕೂತಾಗ ಹೆಂಡತಿ ಶ್ರೀಮತಿ ವಿಷಯ ಕೇಳಿದರು.

“ಆ ಟಂಗ್ ಟಂಗ್ ಕ್ಯಾಸೆಟ್ಟಾ? ಜಯಲತಕ್ಕನಿಗೆ ಕೊಟ್ಟೆನಲ್ಲ, ಕಾಗೆ ಓಡಿಸ್ಲಿಕ್ಕೆ. ಉಳಿದದ್ದೆಲ್ಲ ಗುಜರಿಗೆ, ಆ ಭಂಗಾರದವನಿಗೆ ಹೋಯ್ತು.”

ರಾಯರು ಬನಿಯನ್ನಿನಲ್ಲೇ ಟೆರೇಸಿಗೆ ಓಡಿದರು. ನೀರಿನ ಟಾಂಕಿಯಿಂದ ಆಂಟೆನಾ ಕಂಬಕ್ಕೆ, ಅಲ್ಲಿಂದ ಪೈಪಿಗೆ, ಪೈಪಿನಿಂದ ಮತ್ತೆ ಟಾಂಕಿಗೆ ಕ್ಯಾಸೆಟ್ಟಿನ ಪಟ್ಟಿ ಎಳೆದು ಕಟ್ಟಿತ್ತು. ಗಾಳಿಗೆ ಅದು ಮಿರಮಿರನೆ ಹೊಳೆಯುತ್ತ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ಕಾಗೆಯೂ ಹತ್ತಿರ ಸುಳಿದಿರಲಿಲ್ಲ. ಕ್ಯಾಸೆಟ್ಟಿನ ಖಾಲಿ ಡಬ್ಬಿ ಪೈಪಿನಿಂದ ಜೋತಾಡುತ್ತಿತ್ತು.

ಹಿಂದುಮುಂದು ನೋಡದೆ ರಾಯರು ಪಟ್ಟಿ ಬಿಚ್ಚತೊಡಗಿದರು. ಟಾಂಕಿಯ ನೆರಳಲ್ಲಿ ಬೀಡಿ ಸೇದುತ್ತಿದ್ದ ವಾಚ್‌ಮನ್ ಹುಲಗಪ್ಪ, “ಸಾಹೇಬ್ರ, ಕಾಗಿ ಹಿಂಡ ಬರಾಕತ್ತೈತ್ರಿ,” ಎಂದು ಎಚ್ಚರಿಸಿದ. ಎಚ್ಚರಿಸಿದನೇ ಹೊರತು ಎದ್ದೇಳಲಿಲ್ಲ. ಕಾಗೆಗಳು ಮದುವೆ ಮನೆಯ ಮೊದಲ ಪಂಕ್ತಿಯಂತೆ ಸಾಲಾಗಿ ಕೂತು ಹಪ್ಪಳ ಕುಕ್ಕಿದವು. ಅವನ್ನು ಓಡಿಸಲು ಹೋದ ರಾಯರು ಹಸಿ ಹಪ್ಪಳದ ಮೇಲೆ ಕಾಲಿಟ್ಟು ಜಾರಿ, ಪಟ್ಟಿಯನ್ನು ಮೈಗೆಲ್ಲ ಸುತ್ತಿಕೊಂಡು ಬಿದ್ದರು. ಪಟ್ಟಿ ಮೂರ್ನಾಲ್ಕು ಕಡೆ ತುಂಡಾಯಿತು.

ಗದ್ದಲಕ್ಕೆ ಹೆಂಗಸರೆಲ್ಲ ಬಂದರು. ಜಯಲತಕ್ಕ ಮುಂದೆ ಬಂದರು.

“ನಿಮಗೆ ಎಂಥ ಆಗಿದೆ ರಾಯರೇ? ಒಣಗುವ ತನಕ ತಡೀರಿ. ಆಮೇಲೆ ಬೇಕಾದ್ರೆ ಅದನ್ನು ಕೊರಳಿಗೆ ಹಾಕ್ಕೊಳ್ಳಿ.”

“ಅದರಲ್ಲಿ ರಮಾಕಾಂತನ ಸ್ವರ ಉಂಟು ಜಯಲತಕ್ಕ,” ಎಂದರು ರಾಯರು ಬಿದ್ದಲ್ಲಿಂದಲೇ.

ರಮಾಕಾಂತ ಇದೇ ಬಿಲ್ಡಿಂಗಿನಲ್ಲಿ ಬಾಡಿಗೆಗಿದ್ದಾಗ ಜಯಲತಕ್ಕನ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತಂದುಕೊಡುತ್ತಿದ್ದ. ಚಹಾ ಸಹ ಕುಡಿಯದೆ ಹೋಗುತ್ತಿದ್ದ.

“ಅದನ್ನು ಮೊದಲೇ ಹೇಳ್ಲಿಕ್ಕೆ ಏನಾಗಿತ್ತು?” ಎಂದು ಜಯಲತಕ್ಕ ಸೆರಗು ಸಿಕ್ಕಿಸಿಕೊಂಡು ಕೂತರು. “ಈ ಸಲದ ಹಪ್ಪಳ ಹೋಯ್ತು. ಮುಂದಿನ ವರ್ಷ ಕಾಗೆ ಕಾಯುವುದು ಮಾತ್ರ ನೀವೇ.”

ಹೆಂಗಸರು ಸುತ್ತ ಕೂತು, ಮಗುವಿನ ತಲೆಗೂದಲಿನ ಸಿಕ್ಕು ಬಿಡಿಸುವಂತೆ ಪಟ್ಟಿಯನ್ನು ಬಿಡಿಸಿದರು. ತುಂಡಾದಲ್ಲೆಲ್ಲ ಜಯಲತಕ್ಕ ಅಂಟುಪಟ್ಟಿ ಹಚ್ಚಿ ಕೂಡಿಸಿದರು. ತಲೆ ಯಾವುದು ಬಾಲ ಯಾವುದು ಎಂದು ಯಾರೂ ಕೇಳಲಿಲ್ಲ. ಶ್ರೀಮತಿ ಪೆನ್ಸಿಲು ತೂರಿಸಿ ಅದನ್ನು ಡಬ್ಬಿಯೊಳಗೆ ಸುತ್ತಿದರು. ಬಿಡಿಸಿದ ಒಂದೊಂದು ಗಂಟಿಗೂ ರಾಯರು ಮನಸ್ಸಿನಲ್ಲೇ ಕೈಮುಗಿದರು. ಜಯಲತಕ್ಕ ಕಟ್ಟದೇ ಹೋಗಿದ್ದರೆ ಇದೂ ಭಂಗಾರದವನ ಪಾಲಾಗುತ್ತಿತ್ತಲ್ಲ ಎಂಬುದು ಅವರಿಗೆ ಆಗಷ್ಟೇ ಹೊಳೆಯಿತು.

ಕ್ಯಾಸೆಟ್ಟನ್ನು ಟಿಫಿನ್ ಡಬ್ಬಿಯಲ್ಲಿಟ್ಟು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ತಲೆಯ ಮೇಲೆ ಹಿಡಿದುಕೊಂಡು, ಥಾಣೆಯಲ್ಲಿ ಗಾಡಿ ಬದಲಿಸಿ ರಾಯರು ಘಣಸೋಲಿ ಸೇರಿದರು. ಸ್ಟುಡಿಯೋದಲ್ಲಿ ಮನೀಶ್ ಗುಂಡಿ ಒತ್ತಿದ.

“ಸುರು ಮಾಡುವನಾ?” ಎಂದಿತು ರಮಾಕಾಂತನ ಸ್ವರ. ಆಮೇಲೆ ಆ ನಗು. ರಾಯರ ಕಣ್ಣು ತುಂಬಿತು. ಮುಂದಿನದು ಅರ್ಧ ನೆಟ್ಟಗೆ, ಅರ್ಧ ತಿರುಗುಮುರುಗು. ಪಟ್ಟಿ ಬಿಸಿಲಿಗೆ ಬೆಂದದ್ದರಿಂದ ಕಾರ್ಖಾನೆಯ ಮಷೀನಿನ ಸದ್ದು ನಡುನಡುವೆ ತೇಗುತ್ತಿತ್ತು. ಕೆಲಸ ಕೆಟ್ಟಿತು ಎಂದು ರಾಯರು ಅಂದುಕೊಳ್ಳುವಷ್ಟರಲ್ಲಿ ಮನೀಶ್ ಕಣ್ಣರಳಿಸಿ ಕುರ್ಚಿಯಿಂದ ಎದ್ದು ನಿಂತಿದ್ದ.

“ಅಂಕಲ್, ಯೇ ಎಡಿಟಿಂಗ್ ಕಿಸನೇ ಕಿಯಾ?”

ಯಾರು ಮಾಡಿದ್ದೆಂದು ಕೇಳಿದರೆ ರಾಯರು ಸುಳ್ಳು ಹೇಳುವವರಲ್ಲ. ಜಯಲತಾ ಎಂದರು.

ಮುಂದಿನ ಮೇ ತಿಂಗಳಲ್ಲಿ ಪಾರ್ಸೆಲ್ ಬಂತು. ಒಳಗೆ ರಾಯರ ಪಾಲಿನ ಹತ್ತು ಸಿ.ಡಿ. ಹೊದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಎಡಿಟಿಂಗ್: ಜಯಲತಾ’, ಅದರಡಿ ಸಣ್ಣದಾಗಿ ರಾಯರೂ ರಮಾಕಾಂತನೂ. ರಾಯರು ಕೃತಜ್ಞತೆಯಿಂದ ಒಂದನ್ನು ಜಯಲತಕ್ಕನಿಗೆ ಕೊಟ್ಟು, ಉಳಿದದ್ದನ್ನು ಮನೆಯಲ್ಲಿಟ್ಟು ಹೋಟೆಲಿನ ಗಲ್ಲಾಕ್ಕೆ ಹೋದರು. ಕಾರ್ಖಾನೆ ಮುಚ್ಚಿದ ಮೇಲೆ ಅವರಿಗೆ ಅದೇ ಕೆಲಸ.

ಭಾನುವಾರ, ಹಿಂದಿನ ವರ್ಷದ ಕರಾರಿನಂತೆ ಕೋಲು ಹಿಡಿದು ಕಾಗೆ ಕಾಯಲು ಟೆರೇಸಿಗೆ ಹೋದರೆ, ಹಪ್ಪಳದ ಮೇಲೆ ಹತ್ತೂ ಸಿ.ಡಿ. ದಾರದಲ್ಲಿ ತಿರುಗುತ್ತ ಫಳಫಳ ಹೊಳೆಯುತ್ತಿದ್ದವು.

“ಶ್ರೀಮತಿಯಿಂದ ಇಸ್ಕೊಂಡು ಬಂದೆ,” ಎಂದರು ಜಯಲತಕ್ಕ. “ಪಟ್ಟಿಗಿಂತ ಇದೇ ಲಾಯ್ಕು ರಾಯರೇ. ಆದ್ರೆ ಈ ಸಲ ಮಾವಿನ ರಸ ಒಣಗಿಸಿ ಮಾಂಬಳವೂ ಹಾಕುವುದುಂಟು, ಹತ್ತು ಸಾಕಾಗುವುದಿಲ್ಲ. ನೀವು ಇನ್ನೊಂದು ಮಾಡಿ.”

ರಾಯರಿಗೆ ಸಿಟ್ಟು ಬರಬೇಕಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಎರಡನೆಯ ಆಲ್ಬಮ್ ಮಾಡಿ ಎಂದು ಅವರನ್ನು ಕೇಳಿದವರು ಜಯಲತಕ್ಕ ಒಬ್ಬರೇ. ರಾಯರು ಮೂಲೆಯಲ್ಲಿದ್ದ ಖಾಲಿ ಎಣ್ಣೆ ಡಬ್ಬ ಎಳೆದುಕೊಂಡು, ಸುರು ಮಾಡುವನಾ ಎಂದು ತಮ್ಮಷ್ಟಕ್ಕೇ ಕೇಳಿಕೊಂಡು, ಕೋಲಿನಿಂದ ಬಡಿಯತೊಡಗಿದರು.